ಶನಿವಾರ ಗಾಣ ಹೂಡದ ಗಾಣಿಗರು

ಮುಂಬೈಯಿಂದ ದೋಣಿ ಹತ್ತಿ ದಕ್ಷಿಣಕ್ಕೆ ಹೋದರೆ ಅಲಿಬಾಗ ಸಿಗುತ್ತದೆ. ಅಲ್ಲಿಂದ ರೇವದಂಡಾ, ಪೇಣ, ರೋಹಾ, ಮುರುಡ ಅಂತ ಕೊಂಕಣದ ಊರುಗಳು ಸಾಲಾಗಿ ಬರುತ್ತವೆ. ತೆಂಗು, ಭತ್ತ, ಮೀನು ನಂಬಿದ ಸೀಮೆ ಅದು. ಈ ಊರುಗಳಲ್ಲಿ ಹಿಂದೆ ಎರಡು ಬಗೆಯ ಗಾಣಿಗರಿದ್ದರು. ಗಾಣಿಗರಿಗೆ ಮರಾಠಿಯಲ್ಲಿ ತೇಲಿ ಎನ್ನುತ್ತಾರೆ. ಸೋಮವಾರ ಗಾಣ ನಿಲ್ಲಿಸುವವರು ಸೋಮವಾರ ತೇಲಿಗಳು. ಅವರು ಹಿಂದೂಗಳು, ಸೋಮವಾರ ಅವರಿಗೆ ಶಿವನ ದಿನ. ಶನಿವಾರ ಗಾಣ ನಿಲ್ಲಿಸುವವರು ಶನಿವಾರ ತೇಲಿಗಳು. ಇವರು ಯೆಹೂದಿಗಳು.

ಈ ಹೆಸರು ಇಟ್ಟವರು ಅಕ್ಕಪಕ್ಕದ ಮನೆಯವರು. ಯೆಹೂದಿ ಅಂದರೆ ಯಾರು, ಅವರ ಧರ್ಮಗ್ರಂಥ ಯಾವುದು, ಇದೆಲ್ಲ ಆ ಊರುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಜನ ಶನಿವಾರ ಎಣ್ಣೆ ತೆಗೆಯುವುದಿಲ್ಲ ಎಂಬುದಷ್ಟೇ ಕಣ್ಣಿಗೆ ಕಾಣುತ್ತಿತ್ತು, ಅದನ್ನೇ ಹೆಸರು ಮಾಡಿದರು. ಅವರು ಮಾತ್ರ ತಮ್ಮನ್ನು ಬೆನೆ ಇಸ್ರೇಲ್ ಎಂದು ಕರೆದುಕೊಳ್ಳುತ್ತಿದ್ದರು. ಇಸ್ರೇಲನ ಮಕ್ಕಳು ಎಂದು ಅರ್ಥ.

ಅವರ ಹಿರಿಯರು ಹೇಳುವ ಕಥೆ ಹೀಗಿದೆ. ಬಹಳ ಹಿಂದೆ ಅವರ ಪೂರ್ವಜರಿದ್ದ ಹಡಗು ಅಲಿಬಾಗದ ಹತ್ತಿರ ನವಗಾವ ಎಂಬ ಊರಿನ ಎದುರು ಒಡೆದು ಮುಳುಗಿತು. ಏಳು ಗಂಡಸರು, ಏಳು ಹೆಂಗಸರು ಮಾತ್ರ ಈಜಿ ದಡ ಸೇರಿದರು. ಸತ್ತವರನ್ನು ನವಗಾವದಲ್ಲೇ ಹೂಳಿದರು. ಆ ಜಾಗವನ್ನು ಇವತ್ತಿಗೂ ತೋರಿಸುತ್ತಾರೆ. ತಂದಿದ್ದ ಗ್ರಂಥ, ಸಾಮಾನು ಎಲ್ಲ ಸಮುದ್ರದ ಪಾಲಾಯಿತು. ಇದು ಯಾವಾಗ ನಡೆದದ್ದು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಎರಡು ಸಾವಿರ ವರ್ಷಕ್ಕೂ ಹಿಂದೆ ಎನ್ನುವವರಿದ್ದಾರೆ, ಅಷ್ಟು ಹಳೆಯದಲ್ಲ ಎನ್ನುವವರೂ ಇದ್ದಾರೆ. ಅದನ್ನು ತೀರ್ಮಾನಿಸುವ ಶಾಸನವಾಗಲಿ ತಾಮ್ರಪಟವಾಗಲಿ ಇಲ್ಲ. ಏಳು ಜೋಡಿಯ ಲೆಕ್ಕವಂತೂ ಕಥೆಗೆಂದೇ ಅಳತೆ ಮಾಡಿ ಇಟ್ಟ ಹಾಗಿದೆ. ಆದರೂ ಕಥೆಯೊಳಗಿನ ಒಂದು ಮಾತು ನಿಜ: ಅವರ ಹತ್ತಿರ ಪುಸ್ತಕ ಇರಲಿಲ್ಲ.

ಯೆಹೂದಿ ಧರ್ಮದಲ್ಲಿ ಇದು ಸಣ್ಣ ಕೊರತೆಯಲ್ಲ. ಅದು ಪುಸ್ತಕದ ಧರ್ಮ. ತೋರಾ ಎಂಬ ಮೂಲ ಗ್ರಂಥ, ಅದರ ಮೇಲೆ ತಾಲ್ಮುದ್ ಎಂಬ ಚರ್ಚೆಯ ಸಂಪುಟಗಳು, ಅವುಗಳನ್ನು ಓದಿ ತೀರ್ಪು ಕೊಡುವ ರಬ್ಬಿಗಳು, ಹೀಗೆ ಎಲ್ಲವೂ ಓದಿನ ಮೇಲೆ ನಿಂತಿದೆ. ಬೆಳಿಗ್ಗೆ ಎದ್ದು ಕೈ ತೊಳೆಯುವುದರಿಂದ ಹಿಡಿದು ಹಣ್ಣು ತಿನ್ನುವ ಮುಂಚೆ ಯಾವ ಸ್ತುತಿ ಹೇಳಬೇಕು ಎನ್ನುವವರೆಗೆ ನಿಯಮವಿದೆ. ಮರದ ಹಣ್ಣಿಗೆ ಒಂದು ಸ್ತುತಿಯಾದರೆ ನೆಲದ ಬೆಳೆಗೆ ಇನ್ನೊಂದು. ಬಾಳೆಗೆ ಯಾವುದು ಎಂಬ ಪ್ರಶ್ನೆಯೂ ಅವರಲ್ಲಿ ಎದ್ದಿದೆ. ಬಾಳೆ ಮರವಲ್ಲ, ಗೊನೆ ಕಡಿದರೆ ಗಿಡವೂ ಹೋಯಿತು, ಆದ್ದರಿಂದ ಅದು ನೆಲದ ಬೆಳೆ ಎಂದು ಶಾಸ್ತ್ರ ಹೇಳುತ್ತದೆ. ತೋಟ ಮಾಡುವವರು ಯಾರಾದರೂ ಒಪ್ಪುವ ಮಾತು. ಇಷ್ಟು ಸೂಕ್ಷ್ಮವಾದ ಧರ್ಮವನ್ನು ಪುಸ್ತಕವಿಲ್ಲದೆ, ರಬ್ಬಿಯಿಲ್ಲದೆ, ಹೀಬ್ರೂ ಭಾಷೆಯನ್ನೂ ಮರೆತು, ಗಾಣ ತಿರುಗಿಸುತ್ತ ಉಳಿಸಿಕೊಳ್ಳುವುದು ಹೇಗೆ?

ಅವರ ಕೈಯಲ್ಲಿ ಉಳಿದದ್ದು ನಾಲ್ಕೈದು ವಿಷಯ ಮಾತ್ರ. ಮೊದಲನೆಯದು ಶನಿವಾರ.

ಯೆಹೂದಿಗಳ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಹಾಗಾಗಿ ಅವರ ವಿಶ್ರಾಂತಿಯ ದಿನವಾದ ಸಬ್ಬತ್ ಶುಕ್ರವಾರ ಸಂಜೆಗೆ ಬಂದು ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಂಡಾಗ ಮುಗಿಯುತ್ತದೆ. ಆ ಹೊತ್ತಿನಲ್ಲಿ ಮಾಡಬಾರದ ಕೆಲಸಗಳು 39 ಬಗೆ ಎಂದು ಶಾಸ್ತ್ರ ಪಟ್ಟಿ ಮಾಡಿದೆ. ಉಳುವುದು, ಬಿತ್ತುವುದು, ಕೊಯ್ಯುವುದು, ಒಕ್ಕುವುದು, ಬೀಸುವುದು, ನಾದುವುದು, ಬೇಯಿಸುವುದು ಎಂದು ಸಾಗುವ ಈ ಪಟ್ಟಿಯನ್ನು ಓದಿದರೆ ಒಂದು ರೈತನ ಮನೆಯ ಇಡೀ ವರ್ಷ ಕಣ್ಣ ಮುಂದೆ ಬರುತ್ತದೆ. ಬೆಂಕಿ ಹೊತ್ತಿಸುವುದೂ ಅದರಲ್ಲಿದೆ, ಆರಿಸುವುದೂ ಇದೆ. ಕಾಳಿನಿಂದ ಎಣ್ಣೆ ಹಿಂಡುವುದು ಒಕ್ಕಣೆಯ ಜಾತಿಗೆ ಸೇರಿದ ಕೆಲಸ. ಆದ್ದರಿಂದ ಗಾಣ ನಿಲ್ಲಬೇಕು.

ಇನ್ನೂ ಒಂದು ನಿಯಮವಿದೆ, ಗಾಣಿಗನಿಗೆ ಅದೇ ಮುಖ್ಯ. ಆ ದಿನ ಯಜಮಾನನಿಗೆ ಮಾತ್ರವಲ್ಲ, ಮನೆಯ ಆಳಿಗೂ ದನಕ್ಕೂ ವಿಶ್ರಾಂತಿ ಕೊಡಬೇಕು ಎಂದು ತೋರಾ ವಿಧಿಸುತ್ತದೆ. ಎತ್ತನ್ನು ಬೇರೆಯವರ ಕೈಗೆ ಕೊಟ್ಟು ದುಡಿಸುವಂತೆಯೂ ಇಲ್ಲ. ಗಾಣದ ಎತ್ತಿನ ಪಾಡು ನೋಡಿದವರಿಗೆ ಇದರ ಬೆಲೆ ಗೊತ್ತು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ದಿನವಿಡೀ ಒಂದೇ ಸುತ್ತು. ಶನಿವಾರ ತೇಲಿಯ ಎತ್ತಿಗೆ ವಾರಕ್ಕೊಂದು ದಿನ ಕೊಟ್ಟಿಗೆಯೇ ಗತಿ. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಸೋಮವಾರ ಬಸವಣ್ಣನ ದಿನ ಎಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಲ್ಲ, ಹಾಗೆಯೇ ಇದೂ. ಕೊಂಕಣದವರಿಗೆ ಇವರ ಶನಿವಾರ ವಿಚಿತ್ರ ಎನಿಸದೆ ಇರಲು ಇದೇ ಕಾರಣ ಇರಬೇಕು ಎಂದು ನನಗನಿಸುತ್ತದೆ. ಒಬ್ಬೊಬ್ಬರ ದೇವರಿಗೆ ಒಂದೊಂದು ವಾರ ಎಂಬುದು ಹಳ್ಳಿಗೆ ಹೊಸ ವಿಚಾರವಲ್ಲ. ಶನಿವಾರ ಎಣ್ಣೆ ಕೊಂಡು ಮನೆಗೆ ತರಬಾರದು ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಕೊಂಕಣದಲ್ಲೂ ಹಾಗೆ ನಂಬುವವರಿದ್ದಿದ್ದರೆ ಇವರ ವ್ಯಾಪಾರಕ್ಕೂ ದೊಡ್ಡ ಹೊಡೆತ ಬಿದ್ದಿರಲಾರದು. ಇದು ನನ್ನ ಊಹೆ ಅಷ್ಟೆ.

ಎರಡನೆಯದು ಸುನ್ನತಿ, ಗಂಡು ಮಗು ಹುಟ್ಟಿದ ಎಂಟನೆಯ ದಿನಕ್ಕೆ. ಸುತ್ತಲಿನ ಮುಸ್ಲಿಮರಲ್ಲೂ ಸುನ್ನತಿ ಇತ್ತು, ಆದರೆ ಎಂಟನೆಯ ದಿನವೇ ಆಗಬೇಕೆಂಬ ಕಟ್ಟುನಿಟ್ಟು ಇವರದು. ಮೂರನೆಯದು ಶೆಮಾ, ದೇವರು ಒಬ್ಬನೇ ಎಂದು ಸಾರುವ ಹೀಬ್ರೂ ವಾಕ್ಯ. ಅರ್ಥ ಗೊತ್ತಿಲ್ಲದಿದ್ದರೂ ಅದೊಂದು ವಾಕ್ಯ ಬಾಯಿಂದ ಬಾಯಿಗೆ ಬಂತು. ಸುನ್ನತಿಗೆ, ಮದುವೆಗೆ, ಸಾವಿಗೆ, ಎಲ್ಲಕ್ಕೂ ಅದೇ ಮಂತ್ರ.

ನಾಲ್ಕನೆಯದು ಮೀನು. ನೀರಿನ ಪ್ರಾಣಿಗಳಲ್ಲಿ ರೆಕ್ಕೆಯೂ ಮೈಮೇಲೆ ಹುರುಪೆಯೂ ಇದ್ದರೆ ಮಾತ್ರ ತಿನ್ನಬಹುದು ಎಂಬುದು ತೋರಾದ ಆಜ್ಞೆ. ಅಂದರೆ ಸಿಗಡಿ ಇಲ್ಲ, ಏಡಿ ಇಲ್ಲ, ಚಿಪ್ಪಿನ ಮೀನು ಇಲ್ಲ. ಸಮುದ್ರದ ದಂಡೆಯಲ್ಲಿ ಹುಟ್ಟಿ ಸಿಗಡಿ ತಿನ್ನದೆ ಬದುಕುವುದು ಎಂದರೇನು ಎಂದು ನಮ್ಮ ಕರಾವಳಿಯವರನ್ನು ಕೇಳಿ ನೋಡಿ!

ಈ ಮೀನಿನ ಮೇಲೆಯೇ ಅವರಲ್ಲಿ ಇನ್ನೊಂದು ಕಥೆ ಇದೆ. ಡೇವಿಡ್ ರಹಾಬಿ ಎಂಬ ಯೆಹೂದಿ ಪಂಡಿತ ಕೊಂಕಣಕ್ಕೆ ಬಂದ. ಶನಿವಾರ ಕೆಲಸ ಮಾಡದ ಈ ಗಾಣಿಗರನ್ನು ಕಂಡು ಅನುಮಾನ ಬಂತು. ನೀವು ಯಾರು ಎಂದು ಕೇಳಿದರೆ ಗಂಡಸರಿಗೆ ಸರಿಯಾಗಿ ಹೇಳಲು ಬರಲಿಲ್ಲ. ಆಗ ಅವನು ಬಗೆಬಗೆಯ ಮೀನು ತರಿಸಿ ಹೆಂಗಸರ ಕೈಗೆ ಕೊಟ್ಟು ಅಡುಗೆ ಮಾಡಿ ಎಂದ. ಅವರು ಹುರುಪೆ ಇಲ್ಲದ ಮೀನನ್ನೆಲ್ಲ ಆರಿಸಿ ಪಕ್ಕಕ್ಕೆ ಎಸೆದು ಉಳಿದದ್ದನ್ನು ಬೇಯಿಸಿದರು. ಇವರು ನಮ್ಮವರೇ ಎಂದು ಪಂಡಿತ ತೀರ್ಮಾನಿಸಿದ. ಮೂರು ಮನೆತನದವರಿಗೆ ವಿಧಿಗಳನ್ನು ಕಲಿಸಿ ಅವರನ್ನು ಕಾಜಿಗಳನ್ನಾಗಿ ಮಾಡಿದ. ಈ ರಹಾಬಿ ಸಾವಿರ ವರ್ಷದ ಹಿಂದಿನವನು ಎಂದು ಸಮುದಾಯ ನಂಬಿತ್ತು. ಕೊಚ್ಚಿಯ ರಹಾಬಿ ಮನೆತನದ 18ನೇ ಶತಮಾನದ ವ್ಯಾಪಾರಿಯೊಬ್ಬನೇ ಇವನು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ನನಗೆ ಕಾಲಕ್ಕಿಂತ ಪರೀಕ್ಷೆ ನಡೆದ ಜಾಗ ದೊಡ್ಡದಾಗಿ ಕಾಣುತ್ತದೆ. ಗಂಡಸರ ನೆನಪು ಕೈಕೊಟ್ಟ ಕಡೆ ಉತ್ತರ ಸಿಕ್ಕಿದ್ದು ಒಲೆಯ ಮುಂದೆ, ಮೀನು ಸೋಸುವ ಕೈಯಲ್ಲಿ.

ಅಡುಗೆಮನೆಯ ಮಾತು ಬಂದಮೇಲೆ ಹಾಲಿನ ವಿಷಯವನ್ನೂ ಹೇಳಬೇಕು. ಮರಿಯ ಮಾಂಸವನ್ನು ಅದರ ತಾಯಿಯ ಹಾಲಲ್ಲಿ ಬೇಯಿಸಬಾರದು ಎಂದು ತೋರಾ ಹೇಳುತ್ತದೆ. ಅದನ್ನು ಹಿಗ್ಗಿಸಿ ಮಾಂಸದ ಜೊತೆ ಹಾಲು, ಮೊಸರು, ತುಪ್ಪ ಯಾವುದೂ ಸೇರಬಾರದು ಎಂದು ಶಾಸ್ತ್ರ ನಿಯಮ ಮಾಡಿತು. ಬೇರೆ ದೇಶದ ಯೆಹೂದಿಗಳು ಇದಕ್ಕಾಗಿ ಎರಡೆರಡು ಸೆಟ್ ಪಾತ್ರೆ ಇಟ್ಟುಕೊಂಡು ಒದ್ದಾಡುತ್ತಾರೆ. ಕೊಂಕಣದಲ್ಲಿ ಕಷ್ಟ ಕಡಿಮೆ. ಸಾರಿಗೆ ತೆಂಗಿನ ಹಾಲು, ಒಗ್ಗರಣೆಗೆ ಗಾಣದ ಎಣ್ಣೆ. ಊರಿನ ಅಡುಗೆಯೇ ಅರ್ಧ ನಿಯಮವನ್ನು ತಾನಾಗಿ ಪಾಲಿಸಿತು.

ಹಬ್ಬಗಳ ಹೆಸರು ಕೇಳಿದರೆ ಅವು ಯೆಹೂದಿ ಹಬ್ಬ ಎಂದು ಯಾರೂ ಹೇಳಲಾರರು. ಹೀಬ್ರೂ ಹೆಸರೆಲ್ಲ ಮರೆತು ಹೋಗಿ ಮರಾಠಿ ಹೆಸರು ಬಂದಿದ್ದವು. ಅವರ ಹೊಸ ವರ್ಷಕ್ಕೆ ನವ್ಯಾಚಾ ಸಣ್, ಅಂದರೆ ಹೊಸತರ ಹಬ್ಬ. ಖೀರು ಮಾಡಿ ಉಣ್ಣುವ ಇನ್ನೊಂದು ಹಬ್ಬಕ್ಕೆ ಖಿರೀಚಾ ಸಣ್. ವರ್ಷದ ಅತಿ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ಗೆ ದಾರಫಳಣೀಚಾ ಸಣ್, ಬಾಗಿಲು ಮುಚ್ಚುವ ಹಬ್ಬ. ಆ ದಿನ ಬಿಳಿ ಬಟ್ಟೆ ಉಟ್ಟು, ಉಪವಾಸವಿದ್ದು, ಬಾಗಿಲು ಹಾಕಿಕೊಂಡು ಮನೆಯೊಳಗೇ ಇರುತ್ತಿದ್ದರು. ಊರವರ ಕಣ್ಣಿಗೆ ಕಂಡದ್ದು ಮುಚ್ಚಿದ ಬಾಗಿಲು, ಹೆಸರಾದದ್ದೂ ಅದೇ. ಮಾರನೆಯ ದಿನಕ್ಕೆ ಶಿಳಾ ಸಣ್, ತಂಗಳ ಹಬ್ಬ. ಅವತ್ತು ಬಡವರಿಗೆ ದಾನ ಕೊಟ್ಟು ಬಂಧುಗಳ ಮನೆಗೆ ಹೋಗಿ ಬರುವುದು. ಜೆರುಸಲೇಮಿನ ದೇವಾಲಯ ನಾಶವಾದ ದಿನದ ಶೋಕಕ್ಕೆ ಬಿರಡ್ಯಾಚಾ ಸಣ್ ಎಂದು ಹೆಸರು. ಬಿರಡೆ ಎಂದರೆ ಮೊಳಕೆ ಬರಿಸಿ ಸಿಪ್ಪೆ ಹಿದುಕಿದ ಅವರೆಕಾಳಿನ ಪಲ್ಯ, ನಮ್ಮ ಹಿದಕಬೇಳೆಯ ಅಣ್ಣ ತಮ್ಮ ಇದ್ದ ಹಾಗೆ. ಸಾವಿರಾರು ಮೈಲಿ ದೂರದಲ್ಲಿ ಎಂದೋ ಸುಟ್ಟುಹೋದ ಗುಡಿಗೆ ಕೊಂಕಣದ ಹೆಂಗಸರು ಅವರೆಕಾಳು ಹಿದುಕಿ ಶೋಕ ಮಾಡುತ್ತಿದ್ದರು.

ಹನುಕ್ಕಾ ಎಂಬ ದೀಪದ ಹಬ್ಬ ಇವರಿಗೆ ಗೊತ್ತೇ ಇರಲಿಲ್ಲ. ಆ ಹಬ್ಬ ಶುರುವಾದದ್ದು ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ. ಅದಕ್ಕೂ ಮುಂಚೆಯೇ ಇವರ ಹಿರಿಯರು ತಾಯ್ನಾಡು ಬಿಟ್ಟಿರಬೇಕು ಎಂದು ಇದನ್ನು ಸಾಕ್ಷಿಯಾಗಿ ಹಿಡಿಯುವವರಿದ್ದಾರೆ. ಆದರೆ ಇಷ್ಟೆಲ್ಲ ಮರೆತ ಜನ ಒಂದು ಹಬ್ಬವನ್ನು ಹಾಗೆಯೇ ಮರೆತಿರಲೂಬಹುದಲ್ಲ? ಇಲ್ಲದ್ದನ್ನು ತೋರಿಸಿ ಇದ್ದದ್ದನ್ನು ಸಾಧಿಸುವ ವಾದ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಶಾಸ್ತ್ರದಲ್ಲಿ ಇಲ್ಲದೆ ಇವರೇ ಬೆಳೆಸಿದ ಪದ್ಧತಿ ಒಂದಿದೆ, ಮಲೀದಾ. ನೆನೆಸಿದ ಅವಲಕ್ಕಿಗೆ ಸಕ್ಕರೆ ಅಥವಾ ಬೆಲ್ಲ, ತೆಂಗಿನ ತುರಿ, ಏಲಕ್ಕಿ, ದ್ರಾಕ್ಷಿ, ಬಾದಾಮಿ ಕಲಸಿ ತಟ್ಟೆಯಲ್ಲಿ ಗುಡ್ಡೆ ಮಾಡಿ, ಸುತ್ತ ಹಣ್ಣು ಇಟ್ಟು, ಎಲಿಯಾಹು ಎಂಬ ಪ್ರವಾದಿಯ ಹೆಸರಲ್ಲಿ ಹಾಡಿ ಹಂಚುತ್ತಾರೆ. ಮದುವೆಗೆ ಮುಂಚೆ, ಮಗು ಹುಟ್ಟಿದಾಗ, ಕಾಯಿಲೆ ವಾಸಿಯಾದಾಗ, ಹರಕೆ ತೀರಿದಾಗ ಮಲೀದಾ. ಎಲಿಯಾಹು ಬೆಂಕಿಯ ರಥದಲ್ಲಿ ಸ್ವರ್ಗಕ್ಕೆ ಹೋದವನು ಎಂದು ಬೈಬಲಿನಲ್ಲಿದೆ. ಆ ರಥ ಹೋಗುವಾಗ ಅಲಿಬಾಗದ ಹತ್ತಿರದ ಖಂಡಾಳಾ ಹಳ್ಳಿಯ ಬಂಡೆ ಮುಟ್ಟಿ ಹೋಯಿತು, ಅಲ್ಲಿ ಅದರ ಗುರುತಿದೆ ಎಂದು ಬೆನೆ ಇಸ್ರೇಲರು ನಂಬುತ್ತಾರೆ, ಈಗಲೂ ಹರಕೆ ಹೊತ್ತು ಹೋಗುತ್ತಾರೆ. ಭೀಮನ ಹೆಜ್ಜೆ, ಸೀತೆಯ ಒಲೆ ಎಂದು ಊರೂರಲ್ಲಿ ಬಂಡೆ ತೋರಿಸುವ ನಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಎಲ್ಲವನ್ನೂ ಸೊಗಸು ಎಂದು ಹೇಳಿ ಮುಗಿಸುವ ಹಾಗಿಲ್ಲ. ನೆರೆಹೊರೆಯಿಂದ ಅವರು ಅವಲಕ್ಕಿ, ತೆಂಗಿನಕಾಯಿಯನ್ನು ಕಲಿತಂತೆ ಜಾತಿಯನ್ನೂ ಕಲಿತರು. ಹಡಗೊಡೆದು ಬಂದವರ ಶುದ್ಧ ಸಂತತಿ ನಾವು ಎನ್ನುವವರು ಗೋರಾ ಇಸ್ರೇಲರಾದರು. ಊರಿನ ಹೆಂಗಸರಿಗೆ ಹುಟ್ಟಿದವರ ಸಂತತಿ ಎಂದು ಹೇಳಿಸಿಕೊಂಡವರು ಕಾಳಾ ಇಸ್ರೇಲರು. ಒಂದೇ ಶೆಮಾ ಹೇಳುವ ಇವರಿಬ್ಬರ ನಡುವೆ ಹೆಣ್ಣು ಕೊಟ್ಟು ತರುವ ರೂಢಿ ಇರಲಿಲ್ಲ, ಕೂಡಿ ಉಣ್ಣುವುದೂ ಇರಲಿಲ್ಲ. ವಿಧವೆಯ ಮರುಮದುವೆಗೆ ತೋರಾದಲ್ಲಿ ಅಡ್ಡಿಯಿಲ್ಲ. ಇಲ್ಲಿ ಮೇಲ್ಜಾತಿಯವರನ್ನು ನೋಡಿ ಅದನ್ನೂ ಕೀಳು ಎಂದುಕೊಂಡರು.

ಹೊರಗಿನವರು ಇವರ ಬಗ್ಗೆ ಬರೆದದ್ದು ಬಹಳ ಕಡಿಮೆ. 1200ರ ಆಸುಪಾಸಿನಲ್ಲಿ ಈಜಿಪ್ಟಿನಲ್ಲಿದ್ದ ಮಹಾಪಂಡಿತ ಮೈಮೋನಿಡಿಸ್ ಒಂದು ಪತ್ರದಲ್ಲಿ, ಭಾರತದ ಯೆಹೂದಿಗಳಿಗೆ ಸಬ್ಬತ್ ಮತ್ತು ಎಂಟನೆಯ ದಿನದ ಸುನ್ನತಿ ಬಿಟ್ಟು ಶಾಸ್ತ್ರದಲ್ಲಿ ಬೇರೇನೂ ತಿಳಿಯದು ಎಂಬರ್ಥದ ಮಾತು ಬರೆದಿದ್ದಾನೆ. ಊರಿನ ಹೆಸರು ಹೇಳಿಲ್ಲ, ಹಾಗಾಗಿ ಇವರೇ ಎಂದು ಖಚಿತವಾಗಿ ಹೇಳಲಾಗದು. 1738ರಲ್ಲಿ ಸಾರ್ಟೋರಿಯಸ್ ಎಂಬ ಪಾದ್ರಿ ಬರೆದ ಪತ್ರದಲ್ಲಿ ಮಾತ್ರ ಬೆನೆ ಇಸ್ರೇಲ್ ಎಂಬ ಹೆಸರೇ ಬರುತ್ತದೆ. ಅವರ ಹತ್ತಿರ ಗ್ರಂಥವಿಲ್ಲ, ಶೆಮಾ ಒಂದು ಗೊತ್ತು ಎಂದು ಅವನೂ ಹೇಳುತ್ತಾನೆ.

ಮುಂದೆ ಗಾಣ ಬಿಟ್ಟು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದವರು ಬಹಳ ಜನ. ಅಲ್ಲಿಂದ ಈ ಕಥೆ ನಮ್ಮ ಶ್ರೀರಂಗಪಟ್ಟಣಕ್ಕೂ ಬರುತ್ತದೆ. ಕಂಪನಿ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಸಾಮಾಜಿ ಹಸಾಜಿ ದಿವೇಕರ ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಸಾಮಾಜಿ ಎಂದರೆ ಸಾಮ್ಯುಯೆಲ್. ಅಬ್ರಹಾಮನು ಅಬಾಜಿಯಾಗಿ, ಐಸಾಕನು ಇಸಾಜಿಯಾಗಿ ಮರಾಠಿಗೆ ಒಗ್ಗಿದ್ದ ಕಾಲ ಅದು. ನೀನು ಯಾವ ಜನ ಎಂದು ಕೇಳಿದಾಗ ಬೆನೆ ಇಸ್ರೇಲ್ ಎಂದನಂತೆ. ಆ ಹೆಸರು ಕುರಾನಿನಲ್ಲಿ ಬರುತ್ತದೆ, ಅಂಥವರನ್ನು ಕೊಲ್ಲಬೇಡ ಎಂದು ಟಿಪ್ಪುವಿನ ತಾಯಿ ಹೇಳಿ ಬಿಡಿಸಿದಳು ಎಂದು ಸಮುದಾಯದವರು ಹೇಳುತ್ತಾರೆ. ತಾಯಿಯ ಮಾತು ನಡೆಯಿತೋ, ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಯಿತೋ, ಅಂತೂ ಜೀವ ಉಳಿಯಿತು. ಬದುಕಿ ಬಂದರೆ ದೇವರಿಗೆ ಮನೆ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತಿದ್ದ. 1796ರಲ್ಲಿ ಮುಂಬೈನಲ್ಲಿ ಕಟ್ಟಿಸಿದ. ಅದೇ ಶಾರ್ ಹಾರಹಮೀಮ್, ಕರುಣೆಯ ಬಾಗಿಲು, ಬೆನೆ ಇಸ್ರೇಲರ ಮೊದಲ ಪ್ರಾರ್ಥನಾಮಂದಿರ. ಇವರು ತಮ್ಮ ಮಂದಿರವನ್ನು ಮಸೀದಿ ಎಂದೇ ಕರೆಯುತ್ತಿದ್ದರು. ಮುಂಬೈ ಲೋಕಲ್ ರೈಲಿನ ಮಸ್ಜಿದ್ ನಿಲ್ದಾಣದ ಹೆಸರು ಈ ಯೆಹೂದಿ ಮಂದಿರದಿಂದಲೇ ಬಂದದ್ದು ಎನ್ನುತ್ತಾರೆ. ಮಂದಿರ ಆಯಿತು, ಒಳಗಿಡಲು ತೋರಾದ ಸುರುಳಿ ಬೇಕಿತ್ತು. ಅದನ್ನು ತರಲು ಕೊಚ್ಚಿಗೆ ಹೋದ ಸಾಮ್ಯುಯೆಲ್ 1797ರಲ್ಲಿ ಅಲ್ಲೇ ತೀರಿಕೊಂಡ.

19ನೇ ಶತಮಾನದಲ್ಲಿ ಪುಸ್ತಕ ಕೊನೆಗೂ ಬಂತು. ಕೊಚ್ಚಿಯಿಂದ ಯೆಹೂದಿ ಗುರುಗಳು ಬಂದರು. ಮತಾಂತರದ ಆಸೆಯಿಂದ ಶಾಲೆ ತೆರೆದ ಸ್ಕಾಟ್ಲೆಂಡಿನ ಪಾದ್ರಿಗಳೂ ಹೀಬ್ರೂ ಕಲಿಸಿದರು. ಇವರು ಭಾಷೆ ಕಲಿತರು, ಮತ ಬಿಡಲಿಲ್ಲ. 1874ರಲ್ಲಿ ಪುಣೆಯಲ್ಲಿ ಅಚ್ಚಾದ ಪಾಸೋವರ್ ಹಬ್ಬದ ಮರಾಠಿ ಪುಸ್ತಕದಲ್ಲಿ ಹೆಂಗಸರು ಸೀರೆ ಉಟ್ಟು ಹಬ್ಬದ ರೊಟ್ಟಿ ಮಾಡುತ್ತಿರುವ ಚಿತ್ರಗಳಿವೆ.

ಆಮೇಲೆ 1948ರಲ್ಲಿ ಇಸ್ರೇಲ್ ದೇಶ ಹುಟ್ಟಿತು. ಬೆನೆ ಇಸ್ರೇಲರು ಹಡಗು, ವಿಮಾನ ಹತ್ತಿ ಹೊರಟರು. ಯಾರೂ ಓಡಿಸಿದ್ದಲ್ಲ, ಭಾರತದಲ್ಲಿ ತಮಗೆ ಕಿರುಕುಳ ಆಗಲಿಲ್ಲ ಎಂದು ಇಂದಿಗೂ ಹೇಳುತ್ತಾರೆ. ಹೋದದ್ದು ಪ್ರತಿ ಹಬ್ಬದಲ್ಲೂ ನೆನೆಯುತ್ತಿದ್ದ ನಾಡಿಗೆ ಎಂದು.

ಅಲ್ಲಿ ಅವರಿಗೆ ಎದುರಾದದ್ದು ಒಂದು ಕಾನೂನಿನ ಪ್ರಶ್ನೆ. ಇಸ್ರೇಲಿನಲ್ಲಿ ಯೆಹೂದಿಗಳ ಮದುವೆ ವಿಚ್ಛೇದನಗಳು ರಬ್ಬಿಗಳ ಕೈಯಲ್ಲಿವೆ. ಕೆಲವು ರಬ್ಬಿಗಳು ಇವರ ಮದುವೆ ಮಾಡಿಸಲು ಒಪ್ಪಲಿಲ್ಲ. ಶಾಸ್ತ್ರದ ಪ್ರಕಾರ ವಿಚ್ಛೇದನಕ್ಕೆ ಗಂಡ ಬರೆದುಕೊಡುವ ಪತ್ರ ಬೇಕು. ಆ ಪತ್ರವಿಲ್ಲದೆ ಹೆಂಗಸು ಇನ್ನೊಂದು ಮದುವೆಯಾಗಿ ಮಗು ಹೆತ್ತರೆ ಆ ಮಗುವಿಗೂ ಅದರ ಸಂತತಿಗೂ ಬೇರೆ ಯೆಹೂದಿಗಳೊಡನೆ ಮದುವೆ ನಿಷಿದ್ಧ. ಶತಮಾನಗಟ್ಟಲೆ ರಬ್ಬಿಯೇ ಇಲ್ಲದ ನಿಮ್ಮಲ್ಲಿ ಇದೆಲ್ಲ ಸರಿಯಾಗಿ ನಡೆದಿದೆ ಎನ್ನುವುದಕ್ಕೆ ಏನು ಆಧಾರ ಎಂದು ಅವರ ಪ್ರಶ್ನೆ. ವಿಚಿತ್ರ ನೋಡಿ, ಮರುಮದುವೆ ಕೀಳು ಎಂದು ಊರಿನ ಮೇಲ್ಜಾತಿಗಳಿಂದ ಕಲಿತಿದ್ದ ಆ ಕೆಟ್ಟ ರೂಢಿಯೇ ಈ ಅನುಮಾನಕ್ಕೆ ಇವರ ಕಡೆಯ ಉತ್ತರವಾಗಬಹುದಿತ್ತು. 1962ರಲ್ಲಿ ಮುಖ್ಯ ರಬ್ಬಿಗಳ ಕಚೇರಿ ಒಂದು ಸೂಚನೆ ಹೊರಡಿಸಿತು: ಬೆನೆ ಇಸ್ರೇಲರು ಬೇರೆ ಯೆಹೂದಿಗಳನ್ನು ಮದುವೆಯಾಗಬೇಕಾದರೆ ಅವರ ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಎಷ್ಟು ಹಿಂದಕ್ಕೆ ಸಾಧ್ಯವೋ ಅಷ್ಟು ಹಿಂದಕ್ಕೆ ವಿಚಾರಿಸಿ ನೋಡಬೇಕು.

ಕೊಂಕಣದ ಗಾಣಿಗರ ಮುತ್ತಜ್ಜಿಗೆ ಯಾವ ಕಾಗದ ಇರುತ್ತದೆ? ಊರವರು ಇಟ್ಟ ಹೆಸರು ಬಿಟ್ಟರೆ ತೋರಿಸಲು ಅವರ ಬಳಿ ಏನೂ ಇರಲಿಲ್ಲ. ಪುಸ್ತಕವಿದ್ದ ಎಷ್ಟೋ ಊರುಗಳ ಯೆಹೂದಿಗಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಇವರು ಸುಮ್ಮನಿರಲಿಲ್ಲ. ಹೆಂಗಸರು ಮಕ್ಕಳ ಸಮೇತ ಜೆರುಸಲೇಮಿಗೆ ಬಂದು ಧರಣಿ ಕೂತರು. 1964ರ ಆಗಸ್ಟ್‌ನಲ್ಲಿ ವಿಷಯ ಸಂಸತ್ತಿಗೆ ಬಂತು. ಬೆನೆ ಇಸ್ರೇಲರು ಎಲ್ಲ ರೀತಿಯಲ್ಲೂ ಯೆಹೂದಿಗಳೇ, ಅವರ ಹಕ್ಕಿನಲ್ಲಿ ಯಾವ ಭೇದವೂ ಇಲ್ಲ ಎಂದು ಸರ್ಕಾರ ಘೋಷಿಸಿತು. ರಬ್ಬಿಗಳ ಕಚೇರಿ ಸೂಚನೆಯಿಂದ ಇವರ ಹೆಸರನ್ನು ತೆಗೆಯಿತು. ಹೆಸರು ಹೋಯಿತು, ಅನುಮಾನ ಬಂದವರನ್ನು ವಿಚಾರಿಸಬಹುದು ಎಂಬ ಸಾಮಾನ್ಯ ನಿಯಮ ಉಳಿಯಿತು.

ಈಗ ಭಾರತದಲ್ಲಿ ಎಲ್ಲ ಬಗೆಯ ಯೆಹೂದಿಗಳೂ ಸೇರಿ ಐದು ಸಾವಿರ ಜನರಿಲ್ಲ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಇವರಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು. ಅಲಿಬಾಗದಲ್ಲಿ ಇಸ್ರೇಲ್ ಆಳಿ ಎಂಬ ಬೀದಿ, ಅಲ್ಲೊಂದು ಹಳೆಯ ಮಂದಿರ ಇವೆ. ಇಸ್ರೇಲಿನ ಅಶ್ದೋದ್, ಡಿಮೋನಾ, ಬೇರ್‌ಶೆಬಾ, ಲೋದ್ ಪಟ್ಟಣಗಳಲ್ಲಿ ಮದುವೆಗೆ ಮುಂಚೆ ಮದರಂಗಿ ಹಚ್ಚುತ್ತಾರೆ, ಅವಲಕ್ಕಿ ತಂದು ಮಲೀದಾ ಮಾಡುತ್ತಾರೆ. ಮಾಯಬೋಲಿ ಎಂಬ ಮರಾಠಿ ಪತ್ರಿಕೆಯನ್ನೂ ಹೊರಡಿಸಿದರು. ಪೇಣದಿಂದ ಪೇಣಕರ, ಕಿಹೀಮದಿಂದ ಕೆಹೀಮಕರ, ನವಗಾವದಿಂದ ನವಗಾವಕರ ಎಂದು ನೂರಕ್ಕೂ ಹೆಚ್ಚು ಹಳ್ಳಿಗಳ ಹೆಸರು ಅವರ ಅಡ್ಡಹೆಸರುಗಳಲ್ಲಿವೆ. ಆ ಹಳ್ಳಿಗಳಲ್ಲಿ ಹೆಚ್ಚಿನ ಕಡೆ ಈಗ ಒಂದು ಯೆಹೂದಿ ಮನೆಯೂ ಇಲ್ಲ.